ಥಿನ್ನರ್ ತುಂಬಿದ ನೀರಿನ ಬಾಟಲಿ

ಪುಣೆಯಲ್ಲಿ ಗಣಪತಿ ಹಬ್ಬವೋ ದೀಪಾವಳಿಯೋ ಹತ್ತಿರ ಬಂತೆಂದರೆ ಬಾಗಿಲು, ಸೋಫಾ, ದೇವರ ಮಂಟಪಕ್ಕೆ ಪಾಲಿಶ್ ಹಾಕಿಸುವ ಗಡಿಬಿಡಿ. ಪಾಲಿಶ್‌ನವನು ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ ಕಡೆಯಿಂದ ಸಾಮಾನು ತರುತ್ತಾನೆ, ಕೆಲಸ ಮುಗಿಸುತ್ತಾನೆ, ಮಿಕ್ಕ ಥಿನ್ನರನ್ನು ನೀರಿನ ಬಾಟಲಿಗೆ ಸುರಿದು "ಟಚಪ್‌ಗೆ ಇರಲಿ" ಎಂದು ಕೊಟ್ಟು ಹೋಗುತ್ತಾನೆ. ಅದು ಗ್ಯಾಲರಿಯಲ್ಲೋ ಸಿಂಕಿನ ಕೆಳಗೋ ವರ್ಷಗಟ್ಟಲೆ ಕೂರುತ್ತದೆ. ಅದನ್ನು ಹಾಗೆ ಕೂರಿಸಿರುವುದು ಕೆಲವು ನಂಬಿಕೆಗಳು.

"ಬಾಟಲಿ ಕರಗಿಲ್ಲವಲ್ಲ, ಅಂದಮೇಲೆ ಸರಿಯಾಗಿದೆ"

ಥರ್ಮಾಕೋಲ್ ಕಪ್ಪಿಗೆ ಥಿನ್ನರ್ ಹಾಕಿದರೆ ನೋಡನೋಡುತ್ತಲೇ ತಳ ಕುಸಿಯುತ್ತದೆ. ಉಳಿಯುವುದು ಅಂಟಂಟು ಮುದ್ದೆ. ಇದನ್ನು ನೋಡಿದವರು ಕರಗದ ಪ್ಲಾಸ್ಟಿಕ್ಕೆಲ್ಲ ಕ್ಷೇಮ ಎಂದುಕೊಳ್ಳುತ್ತಾರೆ. ಎಲ್ಲ ಪ್ಲಾಸ್ಟಿಕ್ಕೂ ಸೋಲುವ ರೀತಿ ಒಂದೇ ಅಲ್ಲ. ನೀರಿನ ಬಾಟಲಿ ಪೆಟ್ ಪ್ಲಾಸ್ಟಿಕ್ಕಿನದು, ತಳದಲ್ಲಿ ತ್ರಿಕೋನದೊಳಗೆ 1 ಎಂದಿರುತ್ತದೆ. ಸ್ಪಿರಿಟ್ಟನ್ನು ಅದು ತಡೆದುಕೊಳ್ಳುತ್ತದೆ. ಆದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಒಂದೇ ದ್ರವವಲ್ಲ. ಸಾಮಾನ್ಯವಾಗಿ ಟೊಲ್ಯುಯೀನ್, ಅಸಿಟೋನಿನಂಥ ಕೀಟೋನ್, ಬ್ಯುಟೈಲ್ ಅಸಿಟೇಟ್‌ನಂಥ ಎಸ್ಟರ್‌ಗಳ ಮಿಶ್ರಣ. ಅಸಿಟೋನ್ ತಗುಲಿದ ಪೆಟ್ ಬೆಳ್ಳಗಾಗಿ ಪೆಡಸಾಗುತ್ತದೆ, ಸಣ್ಣ ಬಿರುಕು ಬಿಡುತ್ತದೆ. ಅದು ಒಡೆಯುವುದು ತುಂಬಿದ ದಿನವಲ್ಲ, ಮುಂದೆಂದೋ ಯಾರೋ ಕೈಗೆತ್ತಿಕೊಂಡಾಗ.

ಬಿಳಿ ಗಟ್ಟಿ ಕ್ಯಾನ್, ಅಂದರೆ 2 ಎಂಬ ಗುರುತಿನ ಎಚ್‌ಡಿಪಿಇ, ಸ್ಪಿರಿಟ್ಟಿಗೂ ಅಸಿಟೋನಿಗೂ ಪರವಾಗಿಲ್ಲ. ಟರ್ಪೆಂಟೈನ್, ಟೊಲ್ಯುಯೀನ್, ಜೈಲೀನ್‌ಗಳು ಮಾತ್ರ ಅದರ ಗೋಡೆಯೊಳಕ್ಕೇ ಇಳಿದು ನಿಧಾನವಾಗಿ ಹೊರಗೆ ಹಾಯುತ್ತವೆ. ಒಂದು ತೊಟ್ಟೂ ಸೋರಿರುವುದಿಲ್ಲ, ಆದರೂ ಕಪಾಟು ತೆಗೆದರೆ ವಾಸನೆ, ಕ್ಯಾನಿನ ಬದಿ ಒಳಕ್ಕೆ ತಗ್ಗಿರುತ್ತದೆ. ಪಾಲಿಕಾರ್ಬನೇಟ್‌ನ 20 ಲೀಟರ್ ನೀರಿನ ಕ್ಯಾನಿನ ಗೊಡವೆಯಂತೂ ಬೇಡವೇ ಬೇಡ.

"ಹಾಗಾದರೆ ಸ್ಟೀಲ್ ಡಬ್ಬಿಯೇ ಒಳ್ಳೆಯದು"

ಅರ್ಧ ನಿಜ. ತುಳಸಿಬಾಗ್ ಬಜಾರಿನಲ್ಲಿ ಕೊಂಡ ಸ್ಟೀಲ್ ಡಬ್ಬಿಯನ್ನು ಥಿನ್ನರ್ ಏನೂ ಮಾಡದು. ತೊಂದರೆ ಮುಚ್ಚಳದ್ದು. ಅವಲಕ್ಕಿ ಚೂಡಾಕ್ಕೆ ಸಾಕಾಗುವ ಮುಚ್ಚಳ ಆವಿಯನ್ನು ಹಿಡಿದಿಡದು. ಗಾಜಿನ ಜಾಡಿಗೂ ಇದೇ ಮಾತು: ಗಾಜು ಯಾವ ದ್ರಾವಕಕ್ಕೂ ಜಗ್ಗುವುದಿಲ್ಲ, ಆದರೆ ಉಪ್ಪಿನಕಾಯಿ ಜಾಡಿಯ ಮುಚ್ಚಳದೊಳಗಿನ ಪಟ್ಟಿ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಕೈತಪ್ಪಿದರಂತೂ ಒಡೆದೇ ಹೋಯಿತು.

ಅರಗಿನ ಪಾಲಿಶ್‌ನದು ಬೇರೆಯೇ ಲೆಕ್ಕ. ಸ್ಪಿರಿಟ್ಟಿನಲ್ಲಿ ನೆನೆಸಿದ ಅರಗು ತುಸು ಆಮ್ಲೀಯ. ಲೇಪನವಿಲ್ಲದ ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಬಣ್ಣ ಕಪ್ಪಾಗುತ್ತದೆ. ಅದಕ್ಕೆ ಗಾಜೇ ಸರಿ. ಉಳಿದೆಲ್ಲಕ್ಕೂ ನನ್ನ ಮತ ಒಂದೇ: ಸಾಮಾನು ಯಾವ ಟಿನ್ನಿನಲ್ಲಿ ಬಂತೋ ಅದರಲ್ಲೇ ಇರಲಿ. ಅಂಚಿನ ಕಾಲುವೆಯಲ್ಲಿ ನಿಂತ ವಾರ್ನಿಷ್ ಒರೆಸಿ, ಮುಚ್ಚಳವನ್ನು ಮರದ ತುಂಡಿನಿಂದ ಸುತ್ತಲೂ ತಟ್ಟಿ ಕೂರಿಸಿ. ಹಾಗೆ ಒರೆಸುವವರನ್ನು ನಾನು ಕಂಡದ್ದು ಕಡಿಮೆ.

"ಬೆಂಕಿ ತಾಗಿಸದಿದ್ದರೆ ಏನೂ ಆಗದು"

2023ರ ಮೇನಲ್ಲಿ ಟಿಂಬರ್ ಮಾರ್ಕೆಟ್‌ನ ಗೋದಾಮುಗಳು ಹೊತ್ತಿ ಉರಿದಾಗ ಅದು ಗೋದಾಮಿನವರ ಸಂಕಟ ಎಂದು ಮನೆಯಲ್ಲಿ ಕೂತವರು ಅಂದುಕೊಂಡಿರಬಹುದು. ಆದರೆ ಥಿನ್ನರಿನ ಅಪಾಯ ಮನೆಯೊಳಗೂ ಇದೆ. ಉರಿಯುವುದು ದ್ರವವಲ್ಲ, ಅದರ ಆವಿ. ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಎದ್ದೇಳುವ ತಾಪಮಾನಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಟೊಲ್ಯುಯೀನಿಗೆ ಅದು ಸುಮಾರು 4 ಡಿಗ್ರಿ ಸೆಲ್ಸಿಯಸ್, ಎಥನಾಲಿಗೆ ಸುಮಾರು 13, ಅಸಿಟೋನಿಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ಎಲ್ಲರೂ ಸಾಧು ಎಂದು ನಂಬಿರುವ ಮಿನರಲ್ ಟರ್ಪೆಂಟೈನ್‌ನದು 35ರಿಂದ 40ರ ಆಸುಪಾಸು. ಏಪ್ರಿಲ್‌ನಲ್ಲಿ ಪುಣೆಯ ಮಧ್ಯಾಹ್ನ 40 ಮುಟ್ಟುವುದು ಹೊಸದೇನಲ್ಲ. ಪಶ್ಚಿಮದ ಬಿಸಿಲು ಬೀಳುವ ಗ್ಯಾಲರಿಯಲ್ಲಿ ಆ ಸಾಧುವೂ ಸಿದ್ಧವಾಗಿ ಕೂತಿರುತ್ತದೆ. ಈ ಆವಿಗಳು ಗಾಳಿಗಿಂತ ಭಾರ. ಮೇಲೇರಿ ಚದುರುವ ಬದಲು ನೆಲದ ಗುಂಟ ಹರಿದು ಪಕ್ಕದ ಕೋಣೆಯ ಒಲೆಯನ್ನೋ ಸ್ವಿಚ್ಚಿನ ಕಿಡಿಯನ್ನೋ ಮುಟ್ಟಬಲ್ಲವು. ಡಬ್ಬಿಯನ್ನು ಬಾಯಿಮಟ್ಟ ತುಂಬಬಾರದು ಎನ್ನುವುದೂ ಬಿಸಿಲಿನ ಕಾರಣಕ್ಕೇ. ಬಿಸಿಗೆ ದ್ರವ ಹಿಗ್ಗುತ್ತದೆ, ಸ್ವಲ್ಪ ಜಾಗ ಬೇಕು.

"ಮಿಶ್ರಣ ಮಿಕ್ಕರೆ ಟಿನ್ನಿಗೇ ವಾಪಸ್ ಹಾಕಿ"

ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಪಾಲಿಶ್‌ನಲ್ಲಿ ಈ ಉಳಿತಾಯ ದುಬಾರಿ. ಹಾರ್ಡನರ್ ಬೆರೆತ ಮೇಲೆ ಟಿನ್ನೆಲ್ಲ ಗಟ್ಟಿಯಾಗುತ್ತದೆ. ಹಾರ್ಡನರ್ ಡಬ್ಬಿಗೆ ತೇವ ಹೊಕ್ಕರಂತೂ ಇಂಗಾಲದ ಡೈಆಕ್ಸೈಡ್ ಹುಟ್ಟಿ ಡಬ್ಬಿ ಉಬ್ಬುತ್ತದೆ. ಮಳೆಗಾಲದ ಪುಣೆಯಲ್ಲಿ ತೇವಕ್ಕೇನು ಕೊರತೆ?

ಅಗಸೆ ಎಣ್ಣೆ ಹಚ್ಚಿದ ಬಟ್ಟೆಯ ಚಿಂದಿಯನ್ನು ಉಂಡೆ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ತುರುಕುವುದೂ ತಪ್ಪು. ಎಣ್ಣೆ ಒಣಗುವಾಗ ಹುಟ್ಟುವ ಶಾಖ ಉಂಡೆಯೊಳಗೆ ಸೇರಿ, ಕಡ್ಡಿ ಗೀರದೆಯೂ ಬೆಂಕಿ ಹತ್ತಬಹುದು. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರಿನಲ್ಲಿ ಮುಳುಗಿಸಿಡಿ. ಖಾಲಿ ಟಿನ್ನುಗಳನ್ನು ಹಸಿ ಕಸ, ಒಣ ಕಸದೊಂದಿಗೆ ಬೆರೆಸಬೇಡಿ. 2016ರ ಘನತ್ಯಾಜ್ಯ ನಿಯಮಗಳು ಪೇಂಟ್ ಡಬ್ಬಿಯನ್ನು ಮನೆಯ ಅಪಾಯಕಾರಿ ಕಸವೆಂದೇ ಹೆಸರಿಸಿದ್ದವು. ಪುಣೆಯಲ್ಲಿ ಮನೆಬಾಗಿಲಿಗೆ ಬಂದು ಕಸ ಒಯ್ಯುವ 'ಸ್ವಚ್ಛ್' ಸಹಕಾರ ಸಂಘದ ಹೆಂಗಸರು ಅದನ್ನು ಕೈಯಿಂದಲೇ ಬೇರ್ಪಡಿಸುತ್ತಾರೆ. ಅವರಿಗೆ ಬೇರೆಯಾಗಿ ಕೊಡಿ, ಏನೆಂದು ಹೇಳಿ ಕೊಡಿ.

ಇಷ್ಟರಲ್ಲಿ ಒಂದೇ ಒಂದು ಮಾಡುತ್ತೀರಾದರೆ ನೀರಿನ ಬಾಟಲಿಯನ್ನು ಬಿಡಿ. ಟರ್ಪೆಂಟೈನ್ ನೋಡಲು ನೀರೇ; ಮಗುವಿಗೆ ಬಾಟಲಿ ಗೊತ್ತು, ಒಳಗಿರುವುದು ಗೊತ್ತಿಲ್ಲ. ಅಕಸ್ಮಾತ್ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಮೇಲೆ ಬರುವಾಗ ಅದು ಶ್ವಾಸಕೋಶಕ್ಕೆ ಇಳಿದು ಹೆಚ್ಚು ಹಾನಿ ಮಾಡುತ್ತದೆ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗುವಾಗ ಮೂಲ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.