ಶಿಖರದ ಹೆಸರೂ ಶಂಬುಕದ ವ್ಯಾಸಂಗವೂ

ಕಾರಾಕೋರಂ ಶ್ರೇಣಿಯ 8,611 ಮೀಟರ್ ಎತ್ತರದ ಕೆ-2 ಶಿಖರವನ್ನು ಗಾಡ್ವಿನ್ ಆಸ್ಟಿನ್ ಪರ್ವತವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಮ್ಮಲ್ಲಿ ಅನೇಕರುಂಟು; ಆದರೆ ಆ ಹೆಸರಿನ ಮಹನೀಯನು ತನ್ನ ದೀರ್ಘಾಯುಷ್ಯದ ಬಹುಭಾಗವನ್ನು ಬಸವನಹುಳುಗಳ ವ್ಯಾಸಂಗಕ್ಕೆ ಮುಡಿಪಾಗಿಟ್ಟಿದ್ದನೆಂಬುದನ್ನು ಬಲ್ಲವರು ವಿರಳ.

1834ರಲ್ಲಿ ಇಂಗ್ಲೆಂಡಿನಲ್ಲಿ ಭೂವಿಜ್ಞಾನಿಯೊಬ್ಬನ ಮಗನಾಗಿ ಜನಿಸಿದ ಹೆನ್ರಿ ಗಾಡ್ವಿನ್ ಆಸ್ಟಿನ್, ಸೈನ್ಯವನ್ನು ಸೇರಿ ಭಾರತಕ್ಕೆ ಬಂದು, ಸರ್ವೇ ಇಲಾಖೆಯ ಅಧಿಕಾರಿಯಾಗಿ 1861ರಲ್ಲಿ ಬಾಲ್ಟೋರೊ ಹಿಮನದಿಯ ಪ್ರದೇಶವನ್ನೂ, ಅನಂತರ ಖಾಸಿ, ಗಾರೊ, ನಾಗಾ ಬೆಟ್ಟಗಳನ್ನೂ ಅಳೆದು ನಕಾಶೆ ಬರೆದನು. ಸಂಬಳ ಬರುತ್ತಿದ್ದುದು ನಕಾಶೆಗೆ. ಹಕ್ಕಿಗಳೂ ಮೃದ್ವಂಗಿಗಳೂ ಆತನ ಸ್ವಂತ ಪ್ರೀತಿ. ನಮ್ಮ ಹರಟೆಮಲ್ಲನ ದೂರದ ನಂಟಿನದಾದ, ಮೈತುಂಬ ಬಿಳಿಗೆರೆಗಳುಳ್ಳ ಈಶಾನ್ಯದ ಕಾಡುಹಕ್ಕಿಯೊಂದನ್ನು 1874ರಲ್ಲಿ ಲೋಕಕ್ಕೆ ಪರಿಚಯಿಸಿದವನು ಆತನೇ.

ಆದರೂ ಆತನ ನಿಜವಾದ ಹಿರಿಮೆ ಬಸವನಹುಳುವಿನಲ್ಲಿದೆಯೆಂದು ನನ್ನ ಭಾವನೆ. ಚಿಪ್ಪಿನ ಆಕಾರವೊಂದನ್ನೇ ನೋಡಿ ಜಾತಿಯನ್ನು ನಿರ್ಣಯಿಸುವ ಪರಿಪಾಠವಿದ್ದ ಕಾಲದಲ್ಲಿ, ಒಳಗಿನ ಮೆತ್ತನೆಯ ಜೀವಿಯನ್ನೇ ಕೊಯ್ದು ಪರೀಕ್ಷಿಸಬೇಕೆಂದು ಆತನು ಹಟ ಹಿಡಿದನು. ಬಸವನಹುಳುವಿನ ಬಾಯೊಳಗೆ ಅರದಂತಹ ಒಂದು ಪಟ್ಟಿಯುಂಟು; ಎಲೆಯನ್ನೂ ಪಾಚಿಯನ್ನೂ ಕೆರೆದು ತಿನ್ನಲು ಅದರ ಮೇಲೆ ಸಾವಿರಾರು ಹಲ್ಲುಗಳು ಸಾಲುಸಾಲಾಗಿ ನಿಂತಿರುತ್ತವೆ. ಸೂಕ್ಷ್ಮದರ್ಶಕದ ಅಡಿಯಲ್ಲಿ ಆ ಹಲ್ಲುಗಳ ರೂಪವನ್ನು ನೋಡಿದಾಗ, ಹೊರಗಿನಿಂದ ಅವಳಿಗಳೆಂದು ತೋರುವ ಎರಡು ಚಿಪ್ಪುಗಳ ಒಡೆಯರು ಬೇರೆಬೇರೆ ಕುಲದವರೆಂದು ತಿಳಿದುಬರುವುದುಂಟು. ಮಳೆಗಾಲದ ಬೆಳಗ್ಗೆ ಹಿತ್ತಿಲ ಗೋಡೆಯ ಮೇಲೆ ಬೆಳ್ಳಿಯ ಗೆರೆಯನ್ನೆಳೆದು ಹೋದ ಪ್ರಾಣಿಯಲ್ಲಿ ಇಷ್ಟೊಂದು ಅಡಗಿದೆಯೆಂಬುದು ನನಗೆ ಇಂದಿಗೂ ವಿಸ್ಮಯ!

ನಮ್ಮ ಸಹ್ಯಾದ್ರಿಗೂ ಆತನ ಋಣವುಂಟು. ಪಶ್ಚಿಮಘಟ್ಟಗಳಲ್ಲಲ್ಲದೆ ಬೇರೆಲ್ಲಿಯೂ ಕಾಣಸಿಗದ, ಕೆಲವೊಮ್ಮೆ ಹಳದಿ, ಕೆಲವೊಮ್ಮೆ ಕಡುಗೆಂಪು ಮೈಯುಳ್ಳ ದೊಡ್ಡ ಬಸವನಹುಳುವನ್ನು 1901ರಲ್ಲಿ ಇಂಡ್ರೆಲ್ಲಾ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದವನು ಆತನು. ಬರಿದಾದ ಚಿಪ್ಪನ್ನು ಅಂಗೈಯಲ್ಲಿಟ್ಟು ನೋಡಿದರೆ ಆ ಕೆಂಪಿನ ಸುಳಿವೇ ಸಿಕ್ಕದು.

ಅನಾರೋಗ್ಯದ ನಿಮಿತ್ತ 1877ರಲ್ಲಿ ನಿವೃತ್ತನಾಗಿ ಊರು ಸೇರಿದವನು, ಭಾರತದ ನೆಲದ ಮತ್ತು ಸಿಹಿನೀರಿನ ಮೃದ್ವಂಗಿಗಳನ್ನು ಕುರಿತ ತನ್ನ ಗ್ರಂಥವನ್ನು 1882ರಿಂದ ಭಾಗಭಾಗವಾಗಿ ಪ್ರಕಟಿಸುತ್ತ ಹೋದನು. 1920ರಲ್ಲಿಯೂ ಆ ಕೆಲಸ ನಡೆದೇ ಇತ್ತು. ಆಗ ಆತನಿಗೆ ಎಂಬತ್ತಾರು ವರ್ಷ.