ಸುಬ್ಬಯ್ಯನಾಯ್ಡು ಅವರ ಮಗ ಅಯ್ಯು

ಭೂತಯ್ಯ ಸತ್ತಿದ್ದಾನೆ. ಊರಿಗೆಲ್ಲ ಸಾಲ ಕೊಟ್ಟು, ಊರನ್ನೆಲ್ಲ ಹಿಂಡಿದವನು. ಹೆಣಕ್ಕೆ ಹೆಗಲು ಕೊಡಲು ಒಬ್ಬನೂ ಮುಂದೆ ಬರುವುದಿಲ್ಲ. ಅಪ್ಪನ ಪಾಪದ ಲೆಕ್ಕ ಮಗ ಅಯ್ಯುವಿನ ತಲೆಗೆ ಬಂದಿದೆ. ದುಃಖ, ಅವಮಾನ, ಬಿಡದ ಹಟ ಈ ಮೂರೂ ಒಂದೇ ಮುಖದಲ್ಲಿ ಹೊಯ್ದಾಡುತ್ತವೆ. 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಆ ಮುಖ ಲೋಕೇಶ್ ಅವರದು. ಗೊರೂರರ ಕಥೆಗೆ, ಸಿದ್ಧಲಿಂಗಯ್ಯನವರ ನಿರ್ದೇಶನಕ್ಕೆ ಇವರಿಗಿಂತ ತಕ್ಕ ಅಯ್ಯು ಸಿಗುತ್ತಿರಲಿಲ್ಲ.

ತೆರೆಯ ಮೇಲೆ ಕೆಟ್ಟ ಹೆಸರಿನ ಅಪ್ಪನ ಮಗನಾದ ಲೋಕೇಶ್, ಮನೆಯಲ್ಲಿ ದೊಡ್ಡ ಹೆಸರಿನ ಅಪ್ಪನ ಮಗ. ತಂದೆ ಎಂ.ವಿ. ಸುಬ್ಬಯ್ಯನಾಯ್ಡು ಕಂಪನಿ ನಾಟಕದ ಹುಲಿ. ಆರ್. ನಾಗೇಂದ್ರರಾಯರೊಡನೆ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಕಟ್ಟಿದವರು. ಊರಾಚೆ ಡೇರೆ, ಬಣ್ಣದ ಪರದೆ, ಮುಂದೆ ಹಾರ್ಮೋನಿಯಂ, ರಂಗಗೀತೆ ಮುಗಿಯುತ್ತಲೇ ‘ಒನ್ಸ್ ಮೋರ್’ ಕೂಗು, ನೆಲದ ಮೇಲೆ ಕೂತ ಕೊನೆಯವನಿಗೂ ಮುಟ್ಟಬೇಕಾದ ಕಂಠ: ನಾಯ್ಡು ಅವರ ಲೋಕ ಇದು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಕೊಲ್ಹಾಪುರದಲ್ಲಿ ತಯಾರಾದಾಗ ಅವರೇ ಇಂದ್ರಜಿತು, ನಾಗೇಂದ್ರರಾಯರು ರಾವಣ. ಅಂಥ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಮ್ಮ ಭಾಷೆಯ ಮೊದಲ ನಾಯಕನ ದನಿಯನ್ನು ನಾವು ಕಳೆದುಕೊಂಡ ಬಗೆ ನೆನೆದರೆ ಸಂಕಟವಾಗುತ್ತದೆ.

1947ರಲ್ಲಿ ಹುಟ್ಟಿದ ಲೋಕೇಶ್ ‘ಭಕ್ತ ಪ್ರಹ್ಲಾದ’ದಲ್ಲಿ ಬಾಲನಟನಾಗಿ ಕ್ಯಾಮೆರಾ ಮುಂದೆ ನಿಂತರು. ಬೆಳೆದ ಮೇಲೆ ಹಿಡಿದದ್ದು ಮಾತ್ರ ಅಪ್ಪನ ಡೇರೆಯ ದಾರಿಯನ್ನಲ್ಲ. ಎಪ್ಪತ್ತರ ದಶಕದ ಬೆಂಗಳೂರಿನಲ್ಲಿ ಹವ್ಯಾಸಿ ರಂಗಭೂಮಿ ಬಿಸಿಯಾಗಿತ್ತು. ಕಚೇರಿ ಬಿಟ್ಟು ಬಂದವರು ಸಂಜೆ ತಾಲೀಮಿಗೆ ಸೇರುತ್ತಿದ್ದರು. ಸಿ.ಆರ್. ಸಿಂಹ ಅವರ ‘ನಟರಂಗ’ ತಂಡ ಮಾಸ್ತಿಯವರ ‘ಕಾಕನಕೋಟೆ’ಯನ್ನು ರಂಗಕ್ಕೆ ತಂದಾಗ, ಕಾಡುಕುರುಬರ ಹಿರಿಯ ಕಾಚನ ಪಾತ್ರ ಲೋಕೇಶರದಾಯಿತು. 1977ರಲ್ಲಿ ಅದೇ ಸಿಂಹ ಅದನ್ನು ಸಿನಿಮಾ ಮಾಡಿದಾಗಲೂ ಕಾಚ ಇವರೇ. ಕಾಡಿನ ಗತ್ತನ್ನೂ ಹಿರಿಯನ ಕಕ್ಕುಲಾತಿಯನ್ನೂ ಒಂದೇ ಮೈಯಲ್ಲಿ ಹೊತ್ತ ಆ ಕಾಚನಲ್ಲಿ ಅಪ್ಪನ ಕಂಠದ ತೂಕ ಇತ್ತು. ಅದನ್ನು ಎಲ್ಲಿ ತಗ್ಗಿಸಬೇಕೆಂಬ ತಿಳಿವಳಿಕೆ ಮಾತ್ರ ಮಗ ತಾನೇ ದುಡಿದುಕೊಂಡದ್ದು.

ಆ ತಿಳಿವಳಿಕೆ ಪೂರ್ತಿ ಮಾಗಿದ್ದು 1978ರ ‘ಪರಸಂಗದ ಗೆಂಡೆತಿಮ್ಮ’ದಲ್ಲಿ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಮಾರುತಿ ಶಿವರಾಂ ನಿರ್ದೇಶನ. ಊರೂರು ತಿರುಗಿ ಪೇಟೆಯ ಸಾಮಾನು ಮಾರುವ ತಿಮ್ಮ ಸಾಧು ಮನುಷ್ಯ. ನಯನಾಜೂಕು ಬಯಸುವ ಹೆಂಡತಿ ಮರಂಕಿ ಒಂದು ಕಡೆ, ಗೊಣಗುವ ಹಳ್ಳಿ ಇನ್ನೊಂದು ಕಡೆ. ನಡುವೆ ಸಿಕ್ಕವನ ಪೆಚ್ಚುನಗೆಯನ್ನು ಲೋಕೇಶ್ ನಗಿಸಲೆಂದು ನಗಲಿಲ್ಲ. ನೋಡುವವರು ಮೊದಲು ನಕ್ಕರು, ಆಮೇಲೆ ತಾವು ನಕ್ಕಿದ್ದಕ್ಕೆ ನೊಂದರು. ಅತ್ಯುತ್ತಮ ನಟ ರಾಜ್ಯ ಪ್ರಶಸ್ತಿ ಅವರಿಗೆ ಒಂದಕ್ಕಿಂತ ಹೆಚ್ಚು ಸಲ ಬಂತು. ನನ್ನ ಮಟ್ಟಿಗೆ ತಿಮ್ಮನೇ ಅವರ ಶಿಖರ.

ಆಲನಹಳ್ಳಿಯವರ ಮತ್ತೊಂದು ಕಾದಂಬರಿ ‘ಭುಜಂಗಯ್ಯನ ದಶಾವತಾರ’ವನ್ನು ಲೋಕೇಶ್ ತಾವೇ ನಿರ್ದೇಶಿಸಿ ನಟಿಸಿದರು. ಜತೆಗೆ ಪತ್ನಿ ಗಿರಿಜಾ ಲೋಕೇಶ್. ಅವರೂ ರಂಗಭೂಮಿಯ ಕಲಾವಿದೆ, ತೆರೆಯ ಮೇಲಿನ ಎಷ್ಟೋ ತಾಯಂದಿರಿಗೆ ಜೀವ ಕೊಟ್ಟವರು. ಮಗಳು ಪೂಜಾ, ಮಗ ಸೃಜನ್ ಇಬ್ಬರೂ ಬಣ್ಣದ ನಂಟು ಬಿಡಲಿಲ್ಲ. ಡೇರೆಯಿಂದ ಟಿವಿ ಪರದೆಯವರೆಗೆ ಹೀಗೆ ಮೂರು ತಲೆಮಾರು.

2004ರ ಅಕ್ಟೋಬರ್‌ನಲ್ಲಿ ಲೋಕೇಶ್ ತೀರಿಕೊಂಡರು. ಇಂದಿನ ಹುಡುಗರಿಗೆ ಅವರು ಸೃಜನ್ ಅವರ ತಂದೆ ಎಂದಷ್ಟೇ ಗೊತ್ತು. ತಂದೆಯ ಇಂದ್ರಜಿತು ನಮ್ಮ ಕೈತಪ್ಪಿತು, ಮಗನ ಅಯ್ಯು, ತಿಮ್ಮ ಇನ್ನೂ ಉಳಿದಿದ್ದಾರೆ. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಎರಡು ಚಿತ್ರಗಳನ್ನು ದಯವಿಟ್ಟು ಒಮ್ಮೆ ನೋಡಿ.