ಹಾಡಿನ ಪಟ್ಟಿಯಲ್ಲಿ ಎ1, ಬಿ1 ಎಂದರೇನು?

ಹಳೆಯ ರೆಕಾರ್ಡು, ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಸಿ, ಮೂಲವನ್ನು ಗುಜರಿಗೆ ಕೊಡುವುದು ಈಗ ಹೆಚ್ಚಾಗಿದೆ. ಕೊಡುವ ಮೊದಲು ಲೇಬಲ್ ಮೇಲಿನ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ ಎಂದು ಬಂಧುಗಳಲ್ಲಿ ವಿನಂತಿ.

1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಗಾಯನ ಮುದ್ರಣವಾದಾಗ ತಟ್ಟೆಯ ಒಂದೇ ಬದಿಯಲ್ಲಿ ಹಾಡು ಇರುತ್ತಿತ್ತು. ಒಂದು ಹಾಡಿಗೆ ಒಂದು ಸಂಖ್ಯೆ ಸಾಕಿತ್ತು. ಎರಡೂ ಬದಿಯ ತಟ್ಟೆಗಳು ಬಂದ ಮೇಲೆ ತಟ್ಟೆಗೊಂದು ಕ್ಯಾಟಲಾಗ್ ಸಂಖ್ಯೆ, ಅದಲ್ಲದೆ ಪ್ರತಿ ಬದಿಗೂ ಬೇರೆ ಮ್ಯಾಟ್ರಿಕ್ಸ್ ಸಂಖ್ಯೆ ಎಂಬ ರೂಢಿ ಬೆಳೆಯಿತು. ಈ ಎರಡನೆಯದು ಹೆಚ್ಚಾಗಿ ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ ಕೊರೆದಿರುತ್ತದೆ. ಹತ್ತು ಇಂಚಿನ 78 ತಿರುವಿನ ತಟ್ಟೆಯಲ್ಲಿ ಬದಿಗೆ ಸುಮಾರು ಮೂರು ನಿಮಿಷ ಮಾತ್ರ. ಹಾಗಾಗಿ ಒಂದೇ ರಾಗ ಭಾಗ 1, ಭಾಗ 2 ಎಂದು ಎರಡು ಬದಿಗೆ ಹಂಚಿಹೋಗುತ್ತಿತ್ತು.

1948ರಲ್ಲಿ ಎಲ್‌ಪಿ ಬಂತು. ಒಂದು ಬದಿಯಲ್ಲೇ ಹಲವು ಹಾಡುಗಳು. ಅವೇ ಎ1, ಎ2, ಎ3. ತಿರುಗಿಸಿದರೆ ಬಿ1ರಿಂದ ಎಣಿಕೆ ಹೊಸದು. ಕೆಲವು ಕಂಪನಿಗಳು ಬದಿ 1, ಬದಿ 2 ಎಂದು ಹಾಕುತ್ತವೆ. ಮುದ್ರಿತವಾಗಿದ್ದಂತೆಯೇ ಬರೆದುಕೊಳ್ಳಬೇಕು, ನಾವು ತಿದ್ದಬಾರದು. ಎರಡು ತಟ್ಟೆಗಳ ಸೆಟ್‌ನಲ್ಲಿ ಒಂದರ ಮೇಲೆ 1 ಮತ್ತು 4, ಇನ್ನೊಂದರ ಮೇಲೆ 2 ಮತ್ತು 3 ಕಂಡರೆ ಅದು ಮುದ್ರಣದ ತಪ್ಪಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ತಾನಾಗಿ ಬೀಳಿಸಿ ನುಡಿಸುವ ಯಂತ್ರಗಳಿದ್ದವು. 1, 2 ಮುಗಿದ ಮೇಲೆ ಇಡೀ ಜೋಡಿಯನ್ನು ಮಗುಚಿದರೆ 3, 4 ಬರುತ್ತಿತ್ತು. ನಾನು ಇದನ್ನು ತಿಳಿಯದೆ ಒಂದು ಸೆಟ್‌ಗೆ ಪೆನ್ನಿನಿಂದ ಹೊಸ ಸಂಖ್ಯೆ ಬರೆದುಬಿಟ್ಟಿದ್ದೆ. ಕಛೇರಿ ಮುಗಿದು ಚಪ್ಪಾಳೆ ಬಿದ್ದ ಮೇಲೆ ಮತ್ತೆ ನಡುವಿನ ಹಾಡು ಶುರುವಾದಾಗ ಬುದ್ಧಿ ಬಂತು.

ಅದನ್ನು ಸರಿಪಡಿಸಬಹುದಿತ್ತು. ಕ್ಯಾಸೆಟ್ ವಿಷಯದಲ್ಲಿ ಆಗಲಿಲ್ಲ. ನಮ್ಮ ಅಮ್ಮ ಹಾಡಿದ್ದ ಸಿ-60 ಕ್ಯಾಸೆಟ್, ಬದಿಗೆ ಅರ್ಧ ಗಂಟೆ, ಆರಾರು ಹಾಡು. ಪರಿವರ್ತನೆ ಮಾಡಿಕೊಟ್ಟವರು ಎ ಬದಿಗೂ 1ರಿಂದ 6, ಬಿ ಬದಿಗೂ 1ರಿಂದ 6 ಎಂದು ಹೆಸರಿಟ್ಟು ಎರಡನ್ನೂ ಒಂದೇ ಫೋಲ್ಡರ್‌ಗೆ ಹಾಕಿದರು. ಮೊದಲ ಆರು ಅಳಿಸಿ ಅವುಗಳ ಜಾಗದಲ್ಲಿ ಎರಡನೆಯ ಆರು ಕುಳಿತವು. ಗಮನಕ್ಕೆ ಬರುವಷ್ಟರಲ್ಲಿ ಕ್ಯಾಸೆಟ್ ಗುಜರಿಗೆ ಹೋಗಿತ್ತು. ಎ ಬದಿಯಲ್ಲಿ ಯಾವ ಹಾಡುಗಳಿದ್ದವೆಂದು ಅಕ್ಕನಿಗೆ ನಾಲ್ಕು ನೆನಪಿದೆ, ನನಗೆ ಒಂದೂ ಇಲ್ಲ. ಅಂಗಡಿಯಲ್ಲಿ ಬಿಲ್ ಪುಸ್ತಕದ ಸಂಖ್ಯೆ ಎರಡು ಸಲ ಬಂದರೆ ಸುಮ್ಮನಿರದ ನಾನು, ಇಲ್ಲಿ ನೋಡಲೇ ಇಲ್ಲ.

1982ರಲ್ಲಿ ಬಂದ ಸಿಡಿಗೆ ಬದಿಯ ಗೊಂದಲವಿಲ್ಲ. ಒಂದು ತಟ್ಟೆಯಲ್ಲಿ ಗರಿಷ್ಠ 99 ಟ್ರ್ಯಾಕ್. ಹಲವು ಸಿಡಿಗಳಿದ್ದರೆ ಮೊದಲು ತಟ್ಟೆಯ ಸಂಖ್ಯೆ, ನಂತರ ಹಾಡಿನದು: 1-01, 2-01. ಸೊನ್ನೆ ಬಿಡಬೇಡಿ. ಬಿಟ್ಟರೆ ಎಷ್ಟೋ ಸಾಧನಗಳಲ್ಲಿ 1 ಆದ ಮೇಲೆ 10, 11 ಬಂದು, ಆಮೇಲೆ 2 ಬರುತ್ತದೆ. ಕ್ಯಾಸೆಟ್‌ಗೂ ಎಲ್‌ಪಿಗೂ ಹೀಗೆಯೇ ಎ01, ಬಿ01 ಎಂದು ಹೆಸರಿಡಿಸಿ. ಪೆನ್‌ಡ್ರೈವ್ ಕೈಗೆ ಬಂದ ದಿನವೇ ಹಾಡುಗಳನ್ನು ಲೇಬಲ್ ಜೊತೆ ಎಣಿಸಿ ನೋಡಿ. ಗುಜರಿಯವನು ಮುಂದಿನ ತಿಂಗಳೂ ಬರುತ್ತಾನೆ.